ಎತ್ತಿಗೆ ತಪ್ಪದ ಚುಚ್ಚುಮದ್ದು ಮಕ್ಕಳಿಗೇಕೆ ತಪ್ಪಬೇಕು?



ಕಾಲುಬಾಯಿ ಬೇನೆಯ ಲಸಿಕೆ ಹಾಕಲು ಪಶುವೈದ್ಯರು ಬರುತ್ತಾರೆಂದು ತಿಳಿದರೆ ಸಾಕು, ಬೆಳಗ್ಗೆಯೇ ಎತ್ತು, ಎಮ್ಮೆ ಹಿಡಿದುಕೊಂಡು ಸಾಲಿನಲ್ಲಿ ನಿಲ್ಲುತ್ತೀರಿ. ವರ್ಷಕ್ಕೆ ಎರಡು ಸಲ ಈ ಲಸಿಕೆ ಹಾಕುವ ಕೇಂದ್ರ ಸರ್ಕಾರದ ಯೋಜನೆ 2019ರಲ್ಲಿ ಆರಂಭವಾಯಿತು. ದನದ ಕಿವಿಗೆ 12 ಅಂಕಿಯ ಓಲೆಯೂ ಬಿತ್ತು. ಎತ್ತು ಮಲಗಿದರೆ ಬೇಸಾಯವೇ ಮಲಗಿತು ಎಂಬುದು ನಿಮಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಆದರೆ ಶಾಲೆಯಲ್ಲಿ ಚುಚ್ಚುಮದ್ದು ಹಾಕುವ ದಿನ ಏನಾಗುತ್ತದೆ? ಗದ್ದೆಯಲ್ಲಿ ನಾಟಿ ಇದೆ ಎಂದು ಮಗಳು ಮನೆಯಲ್ಲಿ ಉಳಿಯುತ್ತಾಳೆ. ತೋಳು ನೋಯುತ್ತದೆ, ಜ್ವರ ಬರುತ್ತದೆ ಎಂದು ಮಗನನ್ನು ಅಜ್ಜಿಯೇ ತಡೆಯುತ್ತಾಳೆ. ದನದ ಲೆಕ್ಕ ಕಿವಿಯಲ್ಲೇ ಇದೆ. ಮಗುವಿನ ತಾಯಿ ಕಾರ್ಡ್ ಮಾತ್ರ ಅಟ್ಟದ ಮೇಲೆ ಇಲಿಗಳ ಪಾಲು!

ಕೂಸಿದ್ದಾಗ ಎಲ್ಲಾ ಹಾಕಿಸಿದ್ದೇವಲ್ಲ ಎಂದು ನೀವು ಕೇಳಬಹುದು. ಹಾಕಿಸಿದ್ದು ಒಳ್ಳೆಯದೇ. ಆದರೆ ಗಂಟಲಮಾರಿ ಮತ್ತು ಧನುರ್ವಾಯುಗಳ ವಿರುದ್ಧ ಆಗ ಬಂದ ಶಕ್ತಿ ವರ್ಷ ಕಳೆದಂತೆ ಕುಂದುತ್ತದೆ. ಒಮ್ಮೆ ಗೊಬ್ಬರ ಹಾಕಿದ ಹೊಲ ಹತ್ತು ಬೆಳೆ ಕೊಡುವುದಿಲ್ಲವಷ್ಟೆ. ಅದಕ್ಕಾಗಿಯೇ 5-6ನೇ ವಯಸ್ಸಿಗೆ ಡಿ.ಪಿ.ಟಿ., 10ಕ್ಕೆ ಮತ್ತು 16ಕ್ಕೆ ಟಿ.ಡಿ. ಎಂದು ಸರ್ಕಾರ ಗೊತ್ತುಮಾಡಿದೆ. ಮೊದಲು ಶಾಲೆಯಲ್ಲಿ ಹಾಕುತ್ತಿದ್ದುದು ಟಿ.ಟಿ., ಅಂದರೆ ಧನುರ್ವಾಯುವಿಗೆ ಮಾತ್ರ. ದೊಡ್ಡ ಮಕ್ಕಳಲ್ಲಿಯೂ ಗಂಟಲಮಾರಿ ಕಾಣಿಸಿಕೊಳ್ಳತೊಡಗಿದ್ದರಿಂದ ಅದನ್ನು ಬದಲಿಸಿ ಎರಡಕ್ಕೂ ಒಂದೇ ಸೂಜಿ ಮಾಡಿದ್ದಾರೆ. ಗಂಟಲಮಾರಿ ಬಂದವರಲ್ಲಿ ಚಿಕಿತ್ಸೆ ಸಿಕ್ಕರೂ ಹತ್ತಕ್ಕೆ ಒಬ್ಬರವರೆಗೆ ಸಾಯುವುದುಂಟು.

ಧನುರ್ವಾಯುವಿನ ವಿಷಯವನ್ನು ರೈತರು ವಿಶೇಷವಾಗಿ ಗಮನಿಸಬೇಕು. ಈ ರೋಗದ ಬೀಜಾಣು ದನ, ಕುದುರೆಗಳ ಕರುಳಿನಲ್ಲಿದ್ದು, ಸಗಣಿಯ ಮೂಲಕ ಮಣ್ಣು ಸೇರಿ, ಅಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಆದ್ದರಿಂದ ಪಕ್ಕದ ಮನೆಯವರ ಮಕ್ಕಳೆಲ್ಲಾ ಲಸಿಕೆ ಹಾಕಿಸಿಕೊಂಡರೂ ನಿಮ್ಮ ಮಗುವಿಗೆ ಅದರಿಂದ ಕಾವಲು ಸಿಗದು. ತಿಪ್ಪೆಯ ಬಳಿ ಆಡುವ, ಬರಿಗಾಲಲ್ಲಿ ಗದ್ದೆಗಿಳಿಯುವ, ಕುಡುಗೋಲು ಹಿಡಿಯುವ ಮಕ್ಕಳು ನಮ್ಮವರೇ. ಪೇಟೆಯ ಮಗುವಿಗಿಂತ ಇವರಿಗೇ ಈ ಸೂಜಿ ಹೆಚ್ಚು ಬೇಕು. ಗಾಯವಾದರೆ ಸೋಪು ನೀರಿನಿಂದ ಚೆನ್ನಾಗಿ ತೊಳೆಯಿರಿ. ಮಣ್ಣು, ಸಗಣಿ ಮೆತ್ತುವುದು ರೋಗವನ್ನು ಕೈಯಾರೆ ಒಳಗೆ ಬಿಟ್ಟಂತೆ.

ಕಾಲಿಗೆ ಮುಳ್ಳು ಚುಚ್ಚಿದ ಮೇಲೆ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ, ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಯಾವುದೋ ಕ್ಲಿನಿಕ್ಕಿನ ಮುಂದೆ ಚೀಟಿ ಹಿಡಿದು ಕೂರುವುದಕ್ಕೆ ನಾವು ಬೇಸರಪಡುವುದಿಲ್ಲ. ಹೋಗಬೇಡಿ ಎನ್ನುತ್ತಿಲ್ಲ, ಆಳವಾದ ಗಾಯಕ್ಕೆ ವೈದ್ಯರು ಬೇಕೇ ಬೇಕು. ಊರ ಶಾಲೆಯಲ್ಲಿ ಬಿಟ್ಟಿಯಾಗಿ ಸಿಗುವುದನ್ನು ಬಿಟ್ಟು, ಅಪಾಯ ಬಂದ ಮೇಲೆ ಅಲ್ಲಿಗೆ ಓಡುವುದು ಯಾವ ಲೆಕ್ಕ? ಆ ಕ್ಲಿನಿಕ್ಕುಗಳ ವೈದ್ಯರಿಗೂ ಒಂದು ಮಾತು: ಹಳ್ಳಿಗೆ ಶಿಬಿರಕ್ಕೆ ಬಂದಾಗ ರಕ್ತದೊತ್ತಡ ನೋಡಿ ಗುಳಿಗೆ ಕೊಡುವುದರ ಜೊತೆಗೆ ಮಕ್ಕಳ ಲಸಿಕೆ ಕಾರ್ಡನ್ನೂ ಕೇಳಿ ನೋಡಿ.

ತಪ್ಪೆಲ್ಲಾ ಪಾಲಕರದೇ ಎಂದು ನಾನು ಒಪ್ಪುವುದಿಲ್ಲ. 2017ರ ಫೆಬ್ರುವರಿಯಲ್ಲಿ ರಾಜ್ಯದಾದ್ಯಂತ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆ ಹಾಕಿದಾಗ ಮೊಬೈಲಿನಲ್ಲಿ ಸುಳ್ಳು ಸುದ್ದಿ ಹಬ್ಬಿ ಎಷ್ಟೋ ತಾಯಂದಿರು ಹೆದರಿದರು. ಮುಂಚಿತವಾಗಿ ಮನೆಮನೆಗೆ ವಿಷಯ ತಿಳಿಸಿದ್ದಲ್ಲಿ ಸುಳ್ಳಿಗೆ ಜಾಗವಿರುವುದಿಲ್ಲ. ಭದ್ರಾ ನಾಲೆಯ ನೀರು ಬಂದು ನಾಟಿ ನಡೆಯುವ ವಾರದಲ್ಲೇ ಲಸಿಕೆಯ ದಿನ ಇಟ್ಟರೆ ಮಕ್ಕಳು ಬರುವುದು ಹೇಗೆ? ಶಾಲಾಭಿವೃದ್ಧಿ ಸಮಿತಿಯನ್ನು ಕೇಳಿ ದಿನ ಗೊತ್ತುಮಾಡಿದರೆ ಇಲಾಖೆಗೆ ನಷ್ಟವೇನೂ ಇಲ್ಲ.

ಲಸಿಕೆಯ ದಿನ ಮಗುವನ್ನು ಬರೀ ಹೊಟ್ಟೆಯಲ್ಲಿ ಕಳಿಸಬೇಡಿ. ಸೂಜಿಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಲಿ. ಒಂದೆರಡು ದಿನ ತೋಳು ನೋವು, ಸಣ್ಣ ಜ್ವರ ಬರಬಹುದು. ಆ ಜಾಗಕ್ಕೆ ಎಣ್ಣೆ ತಿಕ್ಕುವುದು, ಶಾಖ ಕೊಡುವುದು ಬೇಡ. ಜೋರು ಜ್ವರವಿರುವ ಮಗುವಾದರೆ ಮೊದಲೇ ನರ್ಸಮ್ಮನಿಗೆ ತಿಳಿಸಿ.

ಇನ್ನು 16ರ ಸೂಜಿ. ಏಳಕ್ಕೋ ಎಂಟಕ್ಕೋ ಶಾಲೆ ಬಿಟ್ಟು ಹೊಲಕ್ಕಿಳಿದ ಹುಡುಗ ಹುಡುಗಿಯರನ್ನು ಶಾಲೆಯ ಹಾಜರಿ ಪುಸ್ತಕ ಕರೆಯುವುದಿಲ್ಲ. ಅಂಥವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಾಕುತ್ತಾರೆ, ವಯಸ್ಸು ಸ್ವಲ್ಪ ಮೀರಿದ್ದರೂ ಹಾಕುತ್ತಾರೆ. ಈ ಪುಟ ಓದುತ್ತಿರುವ ವಾಚನಾಲಯದಲ್ಲೇ ಕುಳಿತು ನಿಮ್ಮ ಊರಿನಲ್ಲಿ ಅಂಥವರು ಎಷ್ಟು ಮಂದಿ ಎಂದು ಹೆಸರು ಬರೆದು, ಆ ಪಟ್ಟಿಯನ್ನು ಆಶಾ ಕಾರ್ಯಕರ್ತೆಯ ಕೈಗೆ ಕೊಡಿ.