ಸೀರೆಯ ಬೆಲೆ, ಮರ್ಯಾದೆಯ ಬೆಲೆ

ಕೊಳ್ಳೇಗಾಲದ ಹೆಸರು ಹೊರಗಿನವರಿಗೆ ಗೊತ್ತಿರುವುದು ರೇಷ್ಮೆಯಿಂದ. ಕುದಿನೀರಲ್ಲಿ ಬೆರಳದ್ದಿ ಗೂಡಿನ ಎಳೆ ಬಿಚ್ಚುವ ಕೆಲಸ ಎಂದಿನಿಂದಲೂ ಬಡವರ ಪಾಲಿನದು. ಆದರೆ ಯಳಂದೂರು, ಹನೂರು ಕಡೆಯ ದಲಿತ ಅಥವಾ ಸೋಲಿಗ ಹೆಣ್ಣುಮಗಳು ಜರಿಯಂಚಿನ ಸೀರೆಗೆ ಹತ್ತಿಪ್ಪತ್ತು ಸಾವಿರ ಕೊಟ್ಟರೆ ಊರು ಅದನ್ನು ಶೋಕಿ ಅನ್ನುತ್ತದೆ. ಸಾಹುಕಾರರ ಮನೆಯಲ್ಲಿ ಅದೇ ಸೀರೆ ಸಂಪ್ರದಾಯ. ನನ್ನ ಪ್ರಕಾರ ಅವಳು ಕೊಳ್ಳುತ್ತಿರುವುದು ಮರ್ಯಾದೆಯನ್ನು. ಕೆಲವರಿಗೆ ಅದು ಹುಟ್ಟಿನಿಂದಲೇ ಪುಕ್ಕಟೆ, ಉಳಿದವರು ಕಾಸು ತೆರಬೇಕು.

ಇದು ಬರೀ ಊಹೆಯಲ್ಲ. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಷ್ಟೇ ಆದಾಯದ ಬಿಳಿಯರಿಗಿಂತ ಕಪ್ಪುಜನ ಬಟ್ಟೆ, ಒಡವೆ, ಕಾರಿಗೆ ಹೆಚ್ಚು ಖರ್ಚು ಮಾಡುತ್ತಾರೆ. ಕಾರಣ ಬಣ್ಣವಲ್ಲ, ಸಮುದಾಯದ ಬಡತನ: ತನ್ನವರೆಲ್ಲ ಬಡವರೆಂದು ಜಗತ್ತು ಮೊದಲೇ ತೀರ್ಮಾನಿಸಿದ್ದಾಗ, ತಾನು ಹಾಗಲ್ಲ ಎಂದು ಮೈಮೇಲೆ ತೋರಿಸಬೇಕಾಗುತ್ತದೆ. ಭಾರತದ ಬಗ್ಗೆ 2012ರಲ್ಲಿ ಬಂದ ಅಧ್ಯಯನದಲ್ಲಿ ಕಣ್ಣಿಗೆ ಕಾಣುವ ವಸ್ತುಗಳಿಗೆ ಮೇಲ್ಜಾತಿಯವರಿಗಿಂತ ಹಿಂದುಳಿದ ಜಾತಿಗಳು ಶೇ 8ರಷ್ಟು ಹೆಚ್ಚು, ಮುಸ್ಲಿಮರು ಶೇ 14ರಷ್ಟು ಕಡಿಮೆ ಖರ್ಚು ಮಾಡುವುದು ಕಂಡಿತು. ಎಲ್ಲ ಅಲ್ಪಸಂಖ್ಯಾತರದೂ ಒಂದೇ ಚಾಳಿ ಅನ್ನುವವರು ಈ ಎರಡನೆಯ ಅಂಕಿಯನ್ನು ಗಮನಿಸಲಿ.

ಇಂಥ ಖರ್ಚು ಮೇಲ್ಜಾತಿಯ ಅನುಕರಣೆಯಷ್ಟೇ ಎಂಬ ಆಕ್ಷೇಪವಿದೆ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲೇ ಸಂಸ್ಕೃತೀಕರಣದ ಬಗ್ಗೆ, ಅಂದರೆ ಕೆಳಜಾತಿಗಳು ಮೇಲ್ಜಾತಿಯ ರೀತಿನೀತಿ ಅನುಸರಿಸುವುದರ ಬಗ್ಗೆ ಬರೆದರು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ 1927ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮಹಾಡದಲ್ಲಿ ನಡೆದ ದಲಿತರ ಸಮಾವೇಶದಲ್ಲಿದೆ. ಜಾತಿಯ ಗುರುತು ಹೇಳುವ ಉಡುಗೆ, ಒಡವೆ ಬಿಟ್ಟು ಸೀರೆಯನ್ನು ಬೇರೆ ರೀತಿ ಉಡಿ ಎಂದು ಅಂಬೇಡ್ಕರ್ ಅಲ್ಲಿ ಹೆಣ್ಣುಮಕ್ಕಳಿಗೆ ಹೇಳಿದ್ದರು. ಏನು ಉಡಬೇಕೆಂದು ಶತಮಾನಗಟ್ಟಲೆ ಊರೇ ಕಟ್ಟಳೆ ಮಾಡಿದ್ದಾಗ, ಬೇಕಾದ್ದನ್ನು ಉಡುವುದನ್ನು ನಕಲು ಅನ್ನಲಾಗದು.

ಇಂಥ ಸೀರೆ ಸಾಲಕ್ಕೆ ದೂಡುತ್ತದೆ ಎಂಬ ಇನ್ನೊಂದು ಆಕ್ಷೇಪ ಹಾಗೆ ತಳ್ಳಿಹಾಕುವಂಥದ್ದಲ್ಲ. ಮೈಕ್ರೋಫೈನಾನ್ಸ್ ಕಾಟಕ್ಕೆ ಚಾಮರಾಜನಗರ ಜಿಲ್ಲೆಯಲ್ಲೇ ಜನ ಊರು ಬಿಟ್ಟ ಸುದ್ದಿ ಬಂದು, 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಕಂತು ಕಟ್ಟಿ ಸೀರೆ ಉಡುವುದು ಜಾಣತನ ಎಂದು ನಾನೂ ಹೇಳಲಾರೆ. ಆದರೆ ಮಿತವ್ಯಯದ ಉಪದೇಶ ಮದುವೆಗೆ ಲಕ್ಷಗಟ್ಟಲೆ ಸುರಿಯುವ ಮನೆಗಳ ಬಾಗಿಲಿಗೆ ಹೋಗುವುದಿಲ್ಲವಲ್ಲ! ಬಂದವಳ ಚಪ್ಪಲಿ ನೋಡಿ ‘ಯಾವ ರೇಟಿನದು ಬೇಕಮ್ಮ?’ ಎಂದು ಕೇಳಿ ಸಿಂಥೆಟಿಕ್ ರಾಶಿಯತ್ತ ಕೈ ತೋರಿಸುವ ಅಂಗಡಿಯವರಲ್ಲಿ ಒಂದು ವಿನಂತಿ: ಮೊದಲು ರೇಷ್ಮೆಯ ಮಡಿಕೆ ಬಿಚ್ಚಿ ತೋರಿಸಿ. ಬೇಡವಾದರೆ ಬೇಡ ಎಂದು ಅವಳೇ ಹೇಳುತ್ತಾಳೆ.