ಗೆರೆಯ ಜಗಳ, ತೂಬಿನ ಲೆಕ್ಕ

ಅಬಿಡ್ಸ್‌ನ ಫುಟ್‌ಪಾತ್ ಮೇಲೆ ಭಾನುವಾರ ಹರಡುವ ಹಳೇ ಪುಸ್ತಕಗಳ ನಡುವೆ ನನಗೆ ಮೊನ್ನೆ 1953ಕ್ಕೂ ಹಿಂದಿನ ಶಾಲಾ ಅಟ್ಲಾಸ್ ಸಿಕ್ಕಿತು. ಅದರಲ್ಲಿ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದ ಬಣ್ಣದಲ್ಲಿವೆ. ಬಳ್ಳಾರಿ ಮದ್ರಾಸಿನ ಬಣ್ಣದಲ್ಲಿ. ನಮ್ಮಜ್ಜಿಯ ತವರು ರಾಯದುರ್ಗ, ಮದುವೆಯಾಗಿ ಬಂದದ್ದು ಬಳ್ಳಾರಿಗೆ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂತು. ಅಜ್ಜಿಗೆ ತವರೇ ಹೊರರಾಜ್ಯವಾಯಿತು.

ಈ ಅಟ್ಲಾಸ್ ನೋಡುವಾಗ ಕಿರ್ಗಿಸ್ತಾನ–ತಜಿಕಿಸ್ತಾನಗಳ ನೆನಪಾಯಿತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಸುಮಾರು 1,000 ಕಿ.ಮೀ. ಗಡಿಗಾಗಿ ಇಬ್ಬರೂ ಕಾದಾಡಿದರು. ಒಬ್ಬರ ಕೈಯಲ್ಲಿ 1920ರ ದಶಕದ ನಕ್ಷೆ, ಇನ್ನೊಬ್ಬರ ಕೈಯಲ್ಲಿ 1950ರ ದಶಕದ ನಕ್ಷೆ. 2021ರ ಏಪ್ರಿಲ್‌ನಲ್ಲಿ ಗುಂಡು ಹಾರಿದ್ದು ಗೊಲೊವ್ನೊಯ್ ಎಂಬಲ್ಲಿ ನೀರು ಹಂಚುವ ತೂಬಿನ ಬಳಿ ಹಾಕಿದ ಕ್ಯಾಮೆರಾಗಳ ತಂಟೆಯಿಂದ. 2022ರ ಸೆಪ್ಟೆಂಬರ್‌ನ ಕದನದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಕೊನೆಗೆ 2025ರ ಮಾರ್ಚ್ 13ರಂದು ಬಿಷ್ಕೆಕ್‌ನಲ್ಲಿ ಒಪ್ಪಂದವಾಯಿತು. ಭೂಮಿ ಅದಲುಬದಲಾಯಿತು, ಕೆಲವು ರಸ್ತೆ, ನೀರಿನ ಕಟ್ಟೆಗಳನ್ನು ಇಬ್ಬರೂ ಬಳಸಬಹುದೆಂದಾಯಿತು. ಬೆಲೆ ತೆತ್ತವರೂ ಇದ್ದಾರೆ: ದೋಸ್ತುಕ್ ಎಂಬ ಕಿರ್ಗಿಜ್ ಹಳ್ಳಿ ತಜಿಕಿಸ್ತಾನಕ್ಕೆ ಹೋಯಿತು, ಊರವರು ಮನೆ ಬಿಡಬೇಕಾಯಿತು.

ಗೆರೆ ಯಾರ ಕಡೆಗೆ ಬಿದ್ದರೂ ನೀರು, ದಾರಿ ಇಬ್ಬರಿಗೂ ಸಿಗಬೇಕು ಎನ್ನುವ ಈ ಬುದ್ಧಿ ನಮಗೆ ಹೊಸದಲ್ಲ. 1955ರಲ್ಲಿ ರಾಜ್ಯ ಪುನರ್‌ವಿಂಗಡಣಾ ಆಯೋಗ ತುಂಗಭದ್ರಾ ಯೋಜನೆಯನ್ನೂ ಮುಂದಿಟ್ಟು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪಗಳನ್ನು ಆಂಧ್ರಕ್ಕೆ ಕೊಡಬೇಕೆಂದಿತ್ತು. ಕೇಂದ್ರ ಒಪ್ಪಲಿಲ್ಲ. ಊರು ನಮ್ಮಲ್ಲೇ ಉಳಿಯಿತು, ಅಣೆಕಟ್ಟೆಯನ್ನು ತುಂಗಭದ್ರಾ ಮಂಡಳಿ ನೋಡಿಕೊಳ್ಳುತ್ತಿದೆ. ತಕರಾರು ಇಲ್ಲವೆಂದಲ್ಲ, ಹೂಳು ತುಂಬಿ 133 ಟಿಎಂಸಿ ಅಡಿಯ ಜಲಾಶಯ ಸುಮಾರು 105ಕ್ಕೆ ಇಳಿದಿದೆ. ಆದರೆ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ಮೂರೂ ರಾಜ್ಯಗಳ ರೈತರ ಎದೆ ಒಟ್ಟಿಗೇ ನಡುಗಿತು. ವಾರದೊಳಗೆ ತಾತ್ಕಾಲಿಕ ಗೇಟು ಕೂತಿತು.

ಬೆಳಗಾವಿಗೆ ಇಂಥ ಮಂಡಳಿಯಿಲ್ಲ. 1967ರಲ್ಲಿ ಮಹಾಜನ ವರದಿ ಬಂತು. 865 ಹಳ್ಳಿ–ಪಟ್ಟಣಗಳು ತನಗೆ ಬೇಕೆನ್ನುವ ಮಹಾರಾಷ್ಟ್ರದ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. 2022ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಎರಡೂ ರಾಜ್ಯಗಳ ತಲಾ ಮೂವರು ಸಚಿವರ ಸಮಿತಿಯಾಗಲೆಂದು ಮಾತಾಯಿತು. ಆದರೂ ಗಲಾಟೆಯೆದ್ದರೆ ಮೊದಲು ನಿಲ್ಲುವುದು ಬಸ್ಸು. ಆಸ್ಪತ್ರೆಗೆ, ಸಂತೆಗೆ ಹೊರಟವರು ಗಡಿಯಲ್ಲಿ ಇಳಿದು ನಡೆಯಬೇಕು.

ಬೆಳಗಾವಿಯನ್ನು ಬಿಟ್ಟುಕೊಡಿ ಎಂದು ನಾನು ಹೇಳುತ್ತಿಲ್ಲ. ಗೆರೆಯ ವಿಷಯ ಕೋರ್ಟು ನೋಡಲಿ. ಬಸ್ಸು, ಶಾಲೆ, ಆಸ್ಪತ್ರೆ, ನೀರಿಗೆ ಎರಡೂ ರಾಜ್ಯಗಳ ಅಧಿಕಾರಿಗಳು ಕೂರುವ ಒಂದು ಕಾಯಂ ಮಂಡಳಿ ಈಗಲೇ ಆಗಲಿ. ತೆಲುಗು ಊರಲ್ಲಿ ದುಡಿಯುತ್ತಾ ಕನ್ನಡದಲ್ಲಿ ಬದುಕುವ ನಮ್ಮಂಥವರು ಇದನ್ನು ಗಟ್ಟಿಯಾಗಿ ಕೇಳಬೇಕು. ಅಜ್ಜಿ ತವರಿಗೆ ಹೋಗಿ ಬರುವುದನ್ನು ಕೊನೆಯವರೆಗೂ ನಿಲ್ಲಿಸಲಿಲ್ಲ. ಅವಳ ಬಸ್ಸನ್ನು ಯಾರೂ ತಡೆದಿರಲಿಲ್ಲ.