ನಕಲಾದ ಮಾತ್ರಕ್ಕೆ ರಕ್ಷಣೆಯಾಯಿತೆ?

ವೇಗವಾಗಿ ತಿರುಗುತ್ತಿರುವ ವಿದ್ಯುತ್ ಬೀಸಣಿಗೆಯ ಚಿತ್ರವನ್ನು ಮೊಬೈಲ್ ಫೋನಿನಲ್ಲಿ ತೆಗೆದು ನೋಡಿದ ವಿದ್ಯಾರ್ಥಿಗಳಿಗೆ ಒಂದು ವಿಚಿತ್ರ ಅನುಭವವಾಗಿರಬಹುದು. ನೇರವಾದ ರೆಕ್ಕೆಗಳು ಚಿತ್ರದಲ್ಲಿ ಕುಡುಗೋಲಿನಂತೆ ಬಾಗಿ ಕಾಣುತ್ತವೆ. ಇದಕ್ಕೆ ಕಾರಣವಿಷ್ಟೆ: ಸಾಮಾನ್ಯವಾಗಿ ಫೋನಿನ ಕ್ಯಾಮೆರಾ ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಗ್ರಹಿಸದೆ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಾಲುಸಾಲಾಗಿ ಓದುತ್ತ ಹೋಗುತ್ತದೆ. ಮೊದಲ ಸಾಲನ್ನು ಓದಿದಾಗ ಒಂದೆಡೆಯಿದ್ದ ರೆಕ್ಕೆ ಕೊನೆಯ ಸಾಲಿನ ವೇಳೆಗೆ ಮತ್ತೊಂದೆಡೆಗೆ ಸರಿದಿರುತ್ತದೆ. ಆದುದರಿಂದ ಚಿತ್ರದಲ್ಲಿ ಕಾಣುವಂತಹ ಬೀಸಣಿಗೆ ಯಾವ ಕ್ಷಣದಲ್ಲಿಯೂ ಇದ್ದುದಿಲ್ಲ. ಸಾಲು ಸಾಲಾಗಿ ನೋಡಿದರೆ ಎಲ್ಲವೂ ಸತ್ಯ. ಒಟ್ಟು ಚಿತ್ರ ಸುಳ್ಳು.

ಬೀಸಣಿಗೆಯ ಚಿತ್ರ ಕೆಟ್ಟರೆ ಯಾರಿಗೂ ನಷ್ಟವಿಲ್ಲ. ಇದೇ ದೋಷವು ಆಸ್ಪತ್ರೆ, ಬ್ಯಾಂಕು, ವಿದ್ಯಾಲಯಗಳ ದಾಖಲೆಗಳ ಬ್ಯಾಕಪ್ ಪ್ರತಿಗಳಲ್ಲಿ ನುಸುಳಿದರೆ ಆಗುವ ಅನಾಹುತವೇ ಬೇರೆ. ಇಂತಹ ನಕಲುಗಳನ್ನು ನಂಬಿ ನಿಶ್ಚಿಂತೆಯಿಂದ ಇರುವ ರೂಢಿಯನ್ನು ನಾವು ಬಿಡಬೇಕೆಂಬುದೇ ಈ ಲೇಖನದ ಅಭಿಪ್ರಾಯ.

ಇಂದು ಸಂಸ್ಥೆಗಳಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಕಂಪ್ಯೂಟರನ್ನು ಇಡುವ ಪದ್ಧತಿ ಕಡಿಮೆಯಾಗಿದೆ. ಶಕ್ತಿಯುತವಾದ ಒಂದೇ ಕಂಪ್ಯೂಟರಿನೊಳಗೆ, ತಂತ್ರಾಂಶದ ಬಲದಿಂದ, ಹಲವು ‘ವರ್ಚುವಲ್ ಯಂತ್ರ’ಗಳನ್ನು ನಡೆಸುತ್ತಾರೆ. ಈ ವಿಚಾರ ತೀರ ಹೊಸತೇನೂ ಅಲ್ಲ. ಅಮೆರಿಕದ ಐಬಿಎಂ ಸಂಸ್ಥೆ 1972ರಲ್ಲಿಯೇ ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತ್ತು. ಒಳಗಿನ ಪ್ರತಿಯೊಂದು ಯಂತ್ರವೂ ತನಗೊಂದು ಸ್ವಂತ ಡಿಸ್ಕ್ ಇದೆಯೆಂಬಂತೆ ವರ್ತಿಸುತ್ತದೆ. ವಸ್ತುತಃ ಆ ಡಿಸ್ಕ್, ಅನೇಕ ವೇಳೆ, ಹೊರಗಿನ ಕಂಪ್ಯೂಟರಿನಲ್ಲಿರುವ ಒಂದು ದೊಡ್ಡ ಕಡತ ಮಾತ್ರ. ಹಾಗಾದರೆ ಆ ಕಡತವನ್ನು ನಕಲು ಮಾಡಿ ಬೇರೆಡೆ ಇಟ್ಟರೆ ಇಡೀ ಯಂತ್ರವನ್ನೇ ಕಾಪಾಡಿದಂತಾಯಿತಲ್ಲ ಎಂದು ಯಾರಿಗಾದರೂ ತೋರುವುದು ಸಹಜ. ತಪ್ಪು ಮೊಳೆಯುವುದು ಇಲ್ಲಿಯೇ.

ಸ್ವಲ್ಪ ಲೆಕ್ಕ ಹಾಕೋಣ. 500 ಗಿಗಾಬೈಟಿನ ಡಿಸ್ಕನ್ನು ಸೆಕೆಂಡಿಗೆ 100 ಮೆಗಾಬೈಟ್ ವೇಗದಲ್ಲಿ ನಕಲು ಮಾಡಿದರೆ 5,000 ಸೆಕೆಂಡು, ಎಂದರೆ ಸುಮಾರು 83 ನಿಮಿಷ ಹಿಡಿಯುತ್ತದೆ. ಆ ಅವಧಿಯಲ್ಲಿ ಯಂತ್ರ ಸುಮ್ಮನಿರುವುದಿಲ್ಲ. ಹಳೆಯದನ್ನು ತಿದ್ದುತ್ತ, ಹೊಸದನ್ನು ಬರೆಯುತ್ತ ಇರುತ್ತದೆ. ನಕಲು ರಾತ್ರಿ 12 ಗಂಟೆಗೆ ಆರಂಭವಾದರೆ, ಅದರ ಮೊದಲ ಭಾಗ 12 ಗಂಟೆಯದು, ಕೊನೆಯ ಭಾಗ 1 ಗಂಟೆ 23 ನಿಮಿಷದ್ದು. ಬೀಸಣಿಗೆಯ ಬಾಗಿದ ರೆಕ್ಕೆ ಮತ್ತೆ ಕಾಣಿಸಿಕೊಂಡಿತು!

ಇದು ಬರಿಯ ಊಹೆಯಲ್ಲ. ನಾವು ಪಾಠ ಹೇಳುವ ಕಾಲೇಜಿನಲ್ಲಿ ಪ್ರಾಯೋಗಿಕ ತರಗತಿಗಳ ಅಂಕಗಳನ್ನು ಇಂತಹ ಒಂದು ಯಂತ್ರದಲ್ಲಿ ಇಡಲಾಗಿತ್ತು. ಪ್ರತಿರಾತ್ರಿಯೂ ಡಿಸ್ಕಿನ ನಕಲು ನಡೆಯುತ್ತಿತ್ತು. ಪ್ರತಿ ಮುಂಜಾನೆಯೂ ‘ಯಶಸ್ವಿ’ ಎಂಬ ಹಸಿರು ಗುರುತು ಕಾಣಿಸುತ್ತಿತ್ತು. ಅಂಕಗಳನ್ನು ಸಲ್ಲಿಸುವ ಕೊನೆಯ ದಿನ, ನಾವೂ ಸೇರಿ ಹಲವು ಅಧ್ಯಾಪಕರು ನಡುರಾತ್ರಿಯವರೆಗೆ ಮನೆಯಿಂದಲೇ ಅಂಕ ತುಂಬಿದೆವು. ಮರುದಿನ ಮೂಲ ಡಿಸ್ಕ್ ಕೆಟ್ಟಿತು. ನಕಲನ್ನು ತೆರೆದು ನೋಡಿದರೆ ಹೆಸರುಗಳ ಪಟ್ಟಿ ಇತ್ತು, ಅಂಕಗಳ ಪಟ್ಟಿಯೂ ಇತ್ತು. ಯಾವ ಅಂಕ ಯಾರದೆಂದು ತೋರಿಸುವ ಸೂಚಿ ಮಾತ್ರ ಎರಡಕ್ಕೂ ಹೊಂದುತ್ತಿರಲಿಲ್ಲ. ಹಿಂದಿನ ರಾತ್ರಿಯ ಪ್ರತಿಯನ್ನು ಹೊಸ ಪ್ರತಿ ಅಳಿಸಿಹಾಕಿತ್ತು. ನಾವು ಮೂರು ದಿನ ಕುಳಿತು ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳಿಂದ ಅಂಕಗಳನ್ನು ಮತ್ತೆ ಬರೆದೆವು. ಪುಸ್ತಕವು ಮಳೆಯಲ್ಲಿ ನೆನೆದು ಹಾಳಾಗಿದ್ದ ಒಬ್ಬ ವಿದ್ಯಾರ್ಥಿನಿ ತಾನು ಮಾಡಿ ಮುಗಿಸಿದ್ದ ಪ್ರಯೋಗಗಳನ್ನು ಪುನಃ ಮಾಡಬೇಕಾಯಿತು. ನಮ್ಮ ಅಜಾಗರೂಕತೆಗೆ ಆಕೆ ದಂಡ ತೆತ್ತಳು.

ಈ ದೋಷಕ್ಕೆ ಪರಿಹಾರವಾಗಿ ಇರುವುದು ‘ಸ್ನ್ಯಾಪ್‌ಷಾಟ್’ ಎಂಬ ಉಪಾಯ, ಕ್ಷಣಚಿತ್ರವೆಂದು ಕರೆಯಬಹುದು. ಗೊತ್ತಾದ ಒಂದು ಕ್ಷಣದಲ್ಲಿ ಡಿಸ್ಕಿನ ಕಡತಕ್ಕೆ ಬರೆಯುವುದನ್ನು ನಿಲ್ಲಿಸಿ, ಅಲ್ಲಿಂದ ಮುಂದಿನ ಬರವಣಿಗೆಯನ್ನೆಲ್ಲ ಬೇರೊಂದು ಕಡತಕ್ಕೆ ತಿರುಗಿಸುವುದು ಒಂದು ವಿಧಾನ. ಹಳೆಯ ಭಾಗವನ್ನು ತಿದ್ದುವ ಮೊದಲು ಅದರ ಪ್ರತಿಯನ್ನು ಪಕ್ಕಕ್ಕೆ ತೆಗೆದಿಡುವುದು ಇನ್ನೊಂದು ವಿಧಾನ. ಹೇಗೆ ಮಾಡಿದರೂ ಆ ಕ್ಷಣದ ಡಿಸ್ಕ್ ಸ್ಥಿರವಾಗಿ ಉಳಿಯುತ್ತದೆ. ಅನಂತರ ನಕಲು ಮಾಡಲು 83 ನಿಮಿಷ ಹಿಡಿದರೂ ಚಿಂತೆಯಿಲ್ಲ. ಎಲ್ಲ ಭಾಗಗಳೂ ಒಂದೇ ಕ್ಷಣಕ್ಕೆ ಸೇರಿದವಾಗಿರುತ್ತವೆ.

ಇಷ್ಟಕ್ಕೆ ಸಮಸ್ಯೆ ತೀರಿತೆ? ಇಲ್ಲ. ಅಂಗಡಿಯ ಲೆಕ್ಕ ಬರೆಯುವ ಗುಮಾಸ್ತನನ್ನು ನೆನೆಯಿರಿ. ಆತ ಐದಾರು ವ್ಯವಹಾರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದಾಗಿ ಪುಸ್ತಕಕ್ಕೆ ಇಳಿಸುತ್ತಿರುತ್ತಾನೆ. ನಡುವೆ ಪುಸ್ತಕದ ಚಿತ್ರವನ್ನು ಥಟ್ಟನೆ ತೆಗೆದರೆ, ಬರೆದದ್ದು ಮಾತ್ರ ಬರುತ್ತದೆ, ಮನಸ್ಸಿನಲ್ಲಿದ್ದುದು ಬರುವುದಿಲ್ಲ. ಕಂಪ್ಯೂಟರೂ ಹಾಗೆಯೇ, ವೇಗಕ್ಕಾಗಿ ಅನೇಕ ಬದಲಾವಣೆಗಳನ್ನು ಮೊದಲು ಸ್ಮೃತಿಯಲ್ಲಿ ಇಟ್ಟುಕೊಂಡು ಆಮೇಲೆ ಡಿಸ್ಕಿಗೆ ಬರೆಯುತ್ತದೆ. ಡಿಸ್ಕಿನ ಕ್ಷಣಚಿತ್ರವಷ್ಟೇ ದೊರೆತರೆ, ಓಡುತ್ತಿರುವ ಯಂತ್ರದ ವಿದ್ಯುತ್ತನ್ನು ಥಟ್ಟನೆ ಕಡಿದಾಗ ಉಳಿಯುವ ಸ್ಥಿತಿ ದೊರೆತಂತೆ. ಇದು ಎರಡನೆಯ ದರ್ಜೆಯ ಸುಸಂಗತಿ.

ಮೊದಲ ದರ್ಜೆಯದು ಬೇಕಾದರೆ ಗುಮಾಸ್ತನಿಗೆ ಮುನ್ಸೂಚನೆ ಕೊಡಬೇಕು: ‘ಕೈಯಲ್ಲಿರುವುದನ್ನು ಬರೆದು ಮುಗಿಸು, ಒಂದು ಗಳಿಗೆ ಲೇಖನಿಯನ್ನು ಕೆಳಗಿಡು.’ ವಿಂಡೋಸ್ ವ್ಯವಸ್ಥೆಯಲ್ಲಿ ಈ ಸೂಚನೆಯನ್ನು ಕೊಡಲು ‘ವಾಲ್ಯೂಮ್ ಷ್ಯಾಡೋ ಕಾಪಿ’ ಎಂಬ ಸೇವೆಯಿದೆ. ಅದರ ಕಟ್ಟಳೆಯಂತೆ ತಂತ್ರಾಂಶಗಳ ಬರವಣಿಗೆಯನ್ನು 60 ಸೆಕೆಂಡಿಗಿಂತ ಹೆಚ್ಚು ಕಾಲ ತಡೆಹಿಡಿಯುವಂತಿಲ್ಲ. ಕಡತವ್ಯವಸ್ಥೆಯನ್ನು 10 ಸೆಕೆಂಡಿಗಿಂತ ಹೆಚ್ಚು ಕಾಲ ನಿಲ್ಲಿಸುವಂತಿಲ್ಲ. ಲಿನಕ್ಸ್ ಯಂತ್ರಗಳಲ್ಲಿ, ಒಳಗೆ ನೆಲೆಸಿದ ಒಂದು ಸಣ್ಣ ಸಹಾಯಕ ತಂತ್ರಾಂಶವು ಹೊರಗಿನಿಂದ ಆಜ್ಞೆ ಬಂದೊಡನೆ ಸ್ಮೃತಿಯಲ್ಲಿದ್ದುದನ್ನು ಡಿಸ್ಕಿಗೆ ಇಳಿಸಿ, ಕಡತವ್ಯವಸ್ಥೆಯನ್ನು ಸ್ತಬ್ಧಗೊಳಿಸಿ, ಕ್ಷಣಚಿತ್ರವಾದ ಮೇಲೆ ಬಿಡುಗಡೆ ಮಾಡುತ್ತದೆ. ಡೇಟಾಬೇಸಿಗೆ ಪ್ರತ್ಯೇಕವಾದ ಸೂಚನೆ ಬೇಕಿದ್ದರೆ ಅದನ್ನೂ ಇದರ ಜೊತೆಗೆ ಸೇರಿಸಬಹುದು.

ಇಲ್ಲೊಂದು ಆಕ್ಷೇಪಣೆ ಬರುವುದುಂಟು. ಇಂದಿನ ಉತ್ತಮ ಡೇಟಾಬೇಸುಗಳು ಮಾಡಲಿರುವ ಬದಲಾವಣೆಯನ್ನು ಮೊದಲು ಕಿರ್ದಿಯಲ್ಲಿ ಬರೆದು, ಅನಂತರ ಖಾತೆಗೆ ಏರಿಸುತ್ತವೆ. ವಿದ್ಯುತ್ ಹೋದರೂ ಕಿರ್ದಿಯನ್ನು ಓದಿ ಖಾತೆಯನ್ನು ಸರಿಪಡಿಸಿಕೊಳ್ಳುತ್ತವೆ. ಐಬಿಎಂ ಸಂಸ್ಥೆಯ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ‘ಏರೀಸ್’ ಎಂಬುದು ಈ ಬಗೆಯ ಪ್ರಸಿದ್ಧ ವಿಧಾನ. ಹೀಗಿರುವಾಗ ಸ್ತಬ್ಧಗೊಳಿಸುವ ತೊಂದರೆ ಏಕೆ?

ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅದು ನಿಲ್ಲುವುದು ಒಂದು ಷರತ್ತಿನ ಮೇಲೆ: ಕಿರ್ದಿ ಮತ್ತು ಖಾತೆ ಒಂದೇ ಕ್ಷಣದವಾಗಿರಬೇಕು. ಕಿರ್ದಿ ಒಂದು ಡಿಸ್ಕಿನಲ್ಲಿ, ಖಾತೆ ಇನ್ನೊಂದರಲ್ಲಿ ಇದ್ದು, ಎರಡರ ಕ್ಷಣಚಿತ್ರಗಳೂ ಬೇರೆ ಬೇರೆ ಗಳಿಗೆಯಲ್ಲಿ ತೆಗೆದವಾದರೆ, ಕಿರ್ದಿಯಲ್ಲಿ ಇಲ್ಲದ ವ್ಯವಹಾರ ಖಾತೆಯಲ್ಲಿ ಕಾಣಿಸಿಕೊಳ್ಳಬಹುದು. ಕಾರಣವಿಲ್ಲದೆ ಕಾರ್ಯ ಹುಟ್ಟಿದಂತಾಯಿತು! ಇಂತಹ ಪ್ರಶ್ನೆಗೆ ಶಾಸ್ತ್ರೀಯ ರೂಪ ಕೊಟ್ಟವರಲ್ಲಿ ಮದರಾಸಿನ ಐಐಟಿಯಲ್ಲಿ ಓದಿದ ಕೆ. ಮಣಿ ಚಾಂಡಿ ಹಾಗೂ ಅಮೆರಿಕದ ಲೆಸ್ಲಿ ಲ್ಯಾಂಪೋರ್ಟ್ ಪ್ರಮುಖರು. ಪರಸ್ಪರ ಸಂದೇಶ ಕಳುಹಿಸುತ್ತಿರುವ ಹಲವು ಯಂತ್ರಗಳ ಸಮಷ್ಟಿಚಿತ್ರವನ್ನು, ಅವೆಲ್ಲಕ್ಕೂ ಸಮಾನವಾದ ಗಡಿಯಾರವಿಲ್ಲದೆಯೆ, ಪಡೆಯುವುದು ಹೇಗೆಂದು ಅವರು 1985ರಲ್ಲಿ ತೋರಿಸಿದರು. ಸಂದೇಶ ತಲುಪಿದ್ದು ಚಿತ್ರದಲ್ಲಿದ್ದರೆ ಅದನ್ನು ಕಳುಹಿಸಿದ್ದೂ ಇರಲೇಬೇಕು ಎಂಬುದು ಸುಸಂಗತಿಯ ತಿರುಳು. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಪರಿಚಿತ ಮಾತು. ಸಾಪೇಕ್ಷತಾ ಸಿದ್ಧಾಂತದಲ್ಲಿಯೂ ವೀಕ್ಷಕ ಬದಲಾದರೆ ಏಕಕಾಲಿಕತೆ ಬದಲಾದೀತೇ ಹೊರತು ಕಾರ್ಯಕಾರಣಗಳ ಅನುಕ್ರಮ ಬದಲಾಗದು.

ಸುಸಂಗತವಾದ ಕ್ಷಣಚಿತ್ರ ದೊರೆತ ಮಾತ್ರಕ್ಕೆ ನಿಶ್ಚಿಂತೆ ಸಲ್ಲದು. ಅದು ಮೂಲ ಡಿಸ್ಕಿನ ಮಗ್ಗುಲಲ್ಲಿಯೇ ಉಳಿದರೆ, ಡಿಸ್ಕ್ ಹೋದಾಗ ಅದೂ ಹೋಗುತ್ತದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ಒಂದು ದತ್ತಾಂಶ ಕೇಂದ್ರ ಬೆಂಕಿಗೆ ಆಹುತಿಯಾದಾಗ, ಪ್ರತಿಯನ್ನು ಅದೇ ಸ್ಥಳದಲ್ಲಿ ಇಟ್ಟುಕೊಂಡಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಕ್ಷಣಚಿತ್ರವನ್ನು ಬೇಗನೆ ಬೇರೆಡೆಗೆ ನಕಲು ಮಾಡಿ, ಮೂಲದಲ್ಲಿ ಅದನ್ನು ತೆಗೆದುಹಾಕುವುದೇ ಸರಿ. ತಿರುಗಿಸಿದ ಬರವಣಿಗೆಯ ಕಡತ ಬೆಳೆಯುತ್ತ ಹೋದಂತೆ ಯಂತ್ರದ ವೇಗವೂ ಕುಗ್ಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ರತಿಯನ್ನು ಪರೀಕ್ಷಿಸುವುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದುದು ಈ ವಿಷಯದಲ್ಲಿ ಕಣ್ತೆರೆಸುವಂತಿದೆ. ಎಂಜಿನಿಯರೊಬ್ಬರ ಕೈತಪ್ಪಿನಿಂದ ಮೂಲ ಡೇಟಾಬೇಸ್ ಅಳಿಸಿಹೋಯಿತು. ನಿತ್ಯದ ಬ್ಯಾಕಪ್ಪನ್ನು ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸಿನ ಆವೃತ್ತಿ 9.6 ಆಗಿದ್ದು, ಬ್ಯಾಕಪ್ ಉಪಕರಣ 9.2 ಆಗಿದ್ದುದರಿಂದ ಆ ಕೆಲಸ ವಿಫಲವಾಗುತ್ತಲೇ ಇತ್ತು. ಎಚ್ಚರಿಕೆಯ ಮಿಂಚಂಚೆಗಳೂ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಬೇರೆ ಕೆಲಸಕ್ಕಾಗಿ ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಒಂದು ಕ್ಷಣಚಿತ್ರ ಅದೃಷ್ಟವಶಾತ್ ಉಳಿದಿತ್ತು; ಸಂಸ್ಥೆ ಅದರಿಂದಲೇ ಚೇತರಿಸಿಕೊಂಡಿತು. ನಡುವಿನ ಆರು ಗಂಟೆಗಳ ಬದಲಾವಣೆಗಳು ಹೋದವು. ಸಂಸ್ಥೆಯೇ ಈ ವಿವರಗಳನ್ನೆಲ್ಲ ಮುಚ್ಚುಮರೆಯಿಲ್ಲದೆ ಪ್ರಕಟಿಸಿದುದು ಮೆಚ್ಚತಕ್ಕ ವಿಷಯ. ಆದರೆ ಅದೃಷ್ಟವನ್ನು ಯಾರೂ ರಕ್ಷಣೆಯೆಂದು ಕರೆಯಲಾರರು.

ಪ್ರಯೋಗಶಾಲೆಯಲ್ಲಿ ಒಂದೇ ಒಂದು ಅಳತೆಯನ್ನು ನಂಬಬೇಡಿರೆಂದು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಅದೇ ನಾವು, ಪರದೆಯ ಮೇಲಿನ ಹಸಿರು ಗುರುತನ್ನು ವರ್ಷಗಟ್ಟಲೆ ನಂಬಿಕೊಂಡು ಕುಳಿತಿರುತ್ತೇವೆ. ಪ್ರತಿಯಿಂದ ಯಂತ್ರವನ್ನು ಮತ್ತೆ ಎಬ್ಬಿಸಿ, ಅದು ಸರಿಯಾಗಿ ನಡೆಯುವುದನ್ನು ಕಣ್ಣಾರೆ ಕಾಣುವವರೆಗೆ ಬ್ಯಾಕಪ್ ಎಂಬುದು ಒಂದು ಊಹೆ ಮಾತ್ರ. ಆದುದರಿಂದ ಸಾರ್ವಜನಿಕರ ದಾಖಲೆಗಳನ್ನು ಇಟ್ಟುಕೊಂಡಿರುವ ಪ್ರತಿಯೊಂದು ಸಂಸ್ಥೆಯೂ ಪ್ರತಿಯನ್ನು ತೆಗೆಯುವ ನಿಯಮದ ಜೊತೆಗೆ ಅದನ್ನು ಎಬ್ಬಿಸಿ ನೋಡುವ ನಿಯಮವನ್ನೂ ಮಾಡಬೇಕು. ಕಂಪ್ಯೂಟರ್ ಓದುವ ವಿದ್ಯಾರ್ಥಿಗಳ ಪ್ರಾಯೋಗಿಕ ಪಟ್ಟಿಯಲ್ಲಿ ಇದೂ ಒಂದು ಪ್ರಯೋಗವಾಗಬೇಕು. ಇದಕ್ಕೆ ತಗಲುವುದು ರಾತ್ರಿಯ ಕೆಲವು ಸೆಕೆಂಡುಗಳ ಸ್ತಬ್ಧತೆ, ತಿಂಗಳಿಗೊಮ್ಮೆ ಒಂದು ಮಧ್ಯಾಹ್ನ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿಬಾಗಿಲು ಹಾಕುವುದಕ್ಕಿಂತ ಇದು ಅಗ್ಗ.

ನಮ್ಮ ಕಾಲೇಜಿನಲ್ಲಿ ಈಗ ತಿಂಗಳ ಮೊದಲ ಶನಿವಾರ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ಎಬ್ಬಿಸಿ, ಹತ್ತು ವಿದ್ಯಾರ್ಥಿಗಳ ಅಂಕಗಳನ್ನು ರೆಕಾರ್ಡ್ ಪುಸ್ತಕಗಳೊಡನೆ ತಾಳೆ ನೋಡುತ್ತೇವೆ. ಎರಡನೆಯ ತಿಂಗಳಲ್ಲಿಯೇ ಯಂತ್ರ ಏಳಲಿಲ್ಲ. ಎರಡು ಡಿಸ್ಕುಗಳ ಪೈಕಿ ಒಂದನ್ನು ಪ್ರತಿಗೆ ಸೇರಿಸಲು ಮರೆತಿದ್ದೆವು. ಅಂದು ಕಾಲೇಜಿನ ಯಾವ ದಾಖಲೆಯೂ ಕಳೆದಿರಲಿಲ್ಲ. ಮರೆತ ಡಿಸ್ಕನ್ನು ಸೇರಿಸಿ ಮನೆಗೆ ಹೊರಟೆವು.